ಪೊಟ್ಟಣ ಮುಗಿದ ಮೇಲೆ: ಉತ್ತರ ಉಗಾಂಡದಲ್ಲಿ ನನ್ನ ಎರಡು ವರ್ಷ

ಆ ಹುಡುಗಿ ಮೂರನೇ ಸಲ ವಾಪಸ್ ಬಂದ ದಿನ ನಾನು ರಿಜಿಸ್ಟರ್ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟೆ.

ಇಪ್ಪತ್ತು ತಿಂಗಳ ಮಗು. ಮೊದಲ ಸಲ ಬಂದಾಗ ತೋಳಿನ ಸುತ್ತಳತೆ 10.9 ಸೆಂಟಿಮೀಟರ್ ಇತ್ತು, ಅಂದರೆ ತೀವ್ರ ಅಪೌಷ್ಟಿಕತೆ. ಎಂಟು ವಾರ ನಾವು ಚಿಕಿತ್ಸೆಗೆ ಕೊಡುತ್ತಿದ್ದ ಪೊಟ್ಟಣದ ಶೇಂಗಾ ಪೇಸ್ಟ್ ತಿಂದು 12.6ಕ್ಕೆ ಏರಿದ್ದಳು. ಅವತ್ತು ಅವಳ ತಾಯಿ ನಕ್ಕಿದ್ದರು, ನಾನೂ ನಕ್ಕಿದ್ದೆ. ಎರಡು ತಿಂಗಳಲ್ಲಿ ಮತ್ತೆ 11.3. ಮತ್ತೆ ಪೊಟ್ಟಣ, ಮತ್ತೆ ಗುಣ. ಈಗ ಮೂರನೇ ಸಲ ಎರಡೂ ಪಾದ ಊದಿಕೊಂಡಿದ್ದವು. ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿಯುತ್ತಿತ್ತು. ಮಗು ಅಳುತ್ತಿರಲಿಲ್ಲ. ಅಳದ ಮಗುವನ್ನು ನೋಡಿದರೆ ನನಗೆ ಇವತ್ತಿಗೂ ಭಯ.

ಇದು 2009ರ ಮಾತು. ನಾನಿದ್ದದ್ದು ಉಗಾಂಡದ ಉತ್ತರದಲ್ಲಿ, ಕಿಟ್ಗುಮ್ ಪಟ್ಟಣದಿಂದ ಸುಡಾನ್ (ಈಗ ದಕ್ಷಿಣ ಸುಡಾನ್) ಗಡಿಯ ಕಡೆ ಹೋಗುವ ಹಳ್ಳಿಗಳಲ್ಲಿ. ಅಚೋಲಿ ಜನರ ನಾಡು. ಅದಕ್ಕೆ ಮುಂಚೆ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಮೂರು ವರ್ಷ ಮಕ್ಕಳ ಪೌಷ್ಟಿಕತೆಯ ಕೆಲಸ ಮಾಡಿದ್ದೆ. ಒಂದು ಸಂಸ್ಥೆಯ ಮೂಲಕ ಅಲ್ಲಿಗೆ ಹೋಗುವ ಅವಕಾಶ ಬಂತು. ಬಡತನ ನೋಡಿದ್ದೇನೆ, ಸೊರಗಿದ ಮಕ್ಕಳನ್ನು ನೋಡಿದ್ದೇನೆ, ಇದೂ ಹಾಗೇ ಇರಬಹುದು ಅಂದುಕೊಂಡು ಹೋದೆ. ಆದರೆ ಯುದ್ಧ ದಾಟಿ ಬಂದ ಊರಿನ ಹಸಿವು ಬೇರೆ ಥರ. ಅದು ಅರ್ಥವಾಗಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು.

ಆ ನಾಡಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು. 1986ರಲ್ಲಿ ರಾಜಧಾನಿ ಕಂಪಾಲಾದಲ್ಲಿ ಸರ್ಕಾರ ಬದಲಾದ ಮೇಲೆ ಉತ್ತರದಲ್ಲಿ ಬಂಡಾಯ ಶುರುವಾಯಿತು. ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಹಳ್ಳಿಗಳಿಗೆ ನುಗ್ಗಿ ಸಾವಿರಾರು ಮಕ್ಕಳನ್ನು ಹೊತ್ತೊಯ್ದಿತು. ಇದೇ ಕಾಲದಲ್ಲಿ ಅಚೋಲಿಗಳ ದನಕರು ಹೆಚ್ಚುಕಮ್ಮಿ ಪೂರ್ತಿ ಲೂಟಿಯಾದವು. 1996ರಿಂದ ಸರ್ಕಾರ ಜನರನ್ನು ಹಳ್ಳಿಗಳಿಂದ ಎಬ್ಬಿಸಿ ಕ್ಯಾಂಪುಗಳಿಗೆ ತುಂಬಿತು. ಯುದ್ಧ ಜೋರಾಗಿದ್ದಾಗ ಉತ್ತರ ಉಗಾಂಡದಲ್ಲಿ ಹದಿನೆಂಟು ಲಕ್ಷದಷ್ಟು ಜನ ಕ್ಯಾಂಪುಗಳಲ್ಲಿದ್ದರು. ಅಚೋಲಿ ನಾಡಿನಲ್ಲಂತೂ ನೂರಕ್ಕೆ ತೊಂಬತ್ತು ಜನ. ಗುಡಿಸಲಿಗೆ ಗುಡಿಸಲು ತಾಗಿಕೊಂಡಿರುತ್ತಿತ್ತು. ಹೊಲಕ್ಕೆ ಹೋಗಬೇಕಾದರೆ ಸೈನ್ಯ ಹೇಳಿದ ಹೊತ್ತಿನಲ್ಲಿ ಮಾತ್ರ, ಅದೂ ಹತ್ತಿರದ ತುಂಡು ನೆಲಕ್ಕೆ. ಹೊಟ್ಟೆಗೆ ವಿಶ್ವ ಆಹಾರ ಕಾರ್ಯಕ್ರಮದ ಲಾರಿಯಲ್ಲಿ ಬರುವ ಮೆಕ್ಕೆಜೋಳ, ಕಾಳು, ಎಣ್ಣೆ. 2006ರ ಆಗಸ್ಟ್ 26ರಂದು ಗಡಿಯಾಚೆಯ ಜುಬಾದಲ್ಲಿ ಸರ್ಕಾರ ಮತ್ತು ಬಂಡುಕೋರರ ನಡುವೆ ಕದನವಿರಾಮಕ್ಕೆ ಸಹಿ ಬಿತ್ತು. ಆಮೇಲೆ ಜನ ನಿಧಾನವಾಗಿ ಊರಿಗೆ ಮರಳತೊಡಗಿದರು. ನಾನು ಹೋದಾಗ ಮರಳುವ ಕೆಲಸ ಇನ್ನೂ ನಡೆಯುತ್ತಿತ್ತು. ಊರು ಅಂದರೆ ಆಳೆತ್ತರದ ಹುಲ್ಲು, ನಡುವೆ ಹಳೇ ಮಾವಿನ ಮರಗಳು. ಮುದುಕರು ಆ ಮರ ನೋಡಿ "ಇಲ್ಲಿ ನಮ್ಮ ಮನೆ ಇತ್ತು" ಅಂತ ಗುರುತಿಸುತ್ತಿದ್ದರು.

ಹತ್ತು ಹನ್ನೆರಡು ವರ್ಷ ಕ್ಯಾಂಪು ಅಂದರೆ ಏನು ಅಂತ ಯೋಚಿಸಿ. ಅಲ್ಲಿ ಹುಟ್ಟಿದ ಮಗು ಈಗ ಹನ್ನೆರಡು ವರ್ಷದ ಹುಡುಗಿ. ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು ಅವಳೇ. ಅವಳು ಕಣಜ ಕಂಡಿಲ್ಲ. ಬಿತ್ತನೆ ಬೀಜವನ್ನು ತಿನ್ನದೆ ಎತ್ತಿಡುವುದನ್ನು ಕಂಡಿಲ್ಲ. ಊಟ ಅಂದರೆ ಸಾಲಿನಲ್ಲಿ ನಿಂತು ತರುವ ವಸ್ತು.

ಮೊದಲ ವಾರ ಒಂದು ಮನೆಯಲ್ಲಿ ನನ್ನ ಮುಂದೆ ತಟ್ಟೆ ಇಟ್ಟರು. ನೋಡಿ ಕಣ್ಣು ತುಂಬಿ ಬಂತು. ಕಪ್ಪುಗೆಂಪು ಬಣ್ಣದ ಮುದ್ದೆ! ಅವರ ಭಾಷೆಯಲ್ಲಿ 'ಕ್ವೊನ್ ಕಾಲ್'. ಕಾಲ್ ಅಂದರೆ ರಾಗಿ. ನಾನು ಪಾವಗಡದ ಕಡೆಯವಳು, ಮುದ್ದೆ ತಿಂದೇ ಬೆಳೆದವಳು. ಪಕ್ಕದಲ್ಲಿದ್ದ ಸಾರು 'ಡೆಕ್ ಙೊರ್', ನಮ್ಮ ತೊಗರಿಯದು. ಇನ್ನೊಂದು ದಿನ ಹುಳಿ ಸೊಪ್ಪಿನ 'ಮಲಕ್ವಾಂಗ್' ಕೊಟ್ಟರು. ಅದು ರಾಯಚೂರಿನಲ್ಲಿ ನಾನು ತಿಂದ ಪುಂಡಿಪಲ್ಯದ ಅಕ್ಕತಂಗಿ. ಅಲಸಂದೆ ಸೊಪ್ಪು, ಎಳ್ಳು, ಶೇಂಗಾ, ಎಲ್ಲವೂ ಇದ್ದವು. ಮೊದಲ ಮಳೆಗೆ ಹುತ್ತದಿಂದ ಏಳುವ ಈಸಲು ಹುಳವನ್ನು ಅವರೂ ಹಿಡಿದು ಹುರಿದು ತಿನ್ನುತ್ತಾರೆ, 'ಙ್ವೆನ್' ಅನ್ನುತ್ತಾರೆ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಅಂತ ಓದಿದ್ದೆ. ತವರಿನವರ ಮನೆಗೇ ಬಂದಿದ್ದೇನೆ ಅನಿಸಿತು.

ಇಷ್ಟೆಲ್ಲ ಒಳ್ಳೆಯ ಬೆಳೆ ಇರುವ ನೆಲದಲ್ಲಿ ಮಕ್ಕಳು ಯಾಕೆ ಸೊರಗುತ್ತಾರೆ?

ನಮ್ಮ ಚಿಕಿತ್ಸೆಯ ಕೆಲಸ ಹೀಗಿತ್ತು. ವಾರಕ್ಕೊಂದು ದಿನ ಆರೋಗ್ಯ ಕೇಂದ್ರದ ಮುಂದಿನ ಮರದ ಕೆಳಗೆ ಕೂರುತ್ತಿದ್ದೆವು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುವುದು. 12.5 ಸೆಂ.ಮೀ. ಮೇಲಿದ್ದರೆ ಹಸಿರು. 11.5ರಿಂದ 12.5ರ ನಡುವೆ ಹಳದಿ. ಅದಕ್ಕೂ ಕೆಳಗೆ ಕೆಂಪು. ಮೊದಲೆಲ್ಲ 11ಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೆಂಪು ಅನ್ನುತ್ತಿದ್ದರು, ಅದೇ 2009ರಲ್ಲಿ 11.5ಕ್ಕೆ ಏರಿಸಿದರು. ಇದರಿಂದ ಎಷ್ಟೋ ಮಕ್ಕಳಿಗೆ ಬೇಗ ಚಿಕಿತ್ಸೆ ಸಿಕ್ಕಿತು. ಕೆಂಪು ಬಂದ ಮಗುವಿಗೆ ಜ್ವರ, ಭೇದಿ ಏನೂ ಇಲ್ಲ ಅಂತ ನೋಡಿ, ನಮ್ಮ ಕಣ್ಣೆದುರೇ ಪೊಟ್ಟಣದ ಪೇಸ್ಟ್ ತಿನ್ನಿಸಿ ಹಸಿವು ಇದೆಯಾ ಅಂತ ಪರೀಕ್ಷೆ. ತಿಂದರೆ ಮನೆಯಲ್ಲೇ ಚಿಕಿತ್ಸೆ. ತಿನ್ನದಿದ್ದರೆ ಆಸ್ಪತ್ರೆ. ಹಸಿವು ಸತ್ತ ಮಗುವನ್ನು ಮನೆಗೆ ಕಳಿಸಬಾರದು, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಆ ಪೊಟ್ಟಣ 92 ಗ್ರಾಂ ಇರುತ್ತದೆ, 500 ಕ್ಯಾಲರಿ. ಶೇಂಗಾ, ಹಾಲಿನಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜಗಳು. ನೀರು ಬೆರೆಸಬೇಕಿಲ್ಲ, ಹಾಗಾಗಿ ಕೊಳೆ ನೀರಿನ ಭಯವಿಲ್ಲ. ಇದು ಬರುವ ಮೊದಲು ಇಂಥ ಮಕ್ಕಳನ್ನು ವಾರಗಟ್ಟಲೆ ವಾರ್ಡಿನಲ್ಲಿ ಮಲಗಿಸಬೇಕಿತ್ತು. ತಾಯಿ ಹೊಲ ಬಿಟ್ಟು, ಉಳಿದ ಮಕ್ಕಳನ್ನು ಬಿಟ್ಟು ಬರಬೇಕಿತ್ತು. ಆ ಪೊಟ್ಟಣದ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ಸಾಯುತ್ತಿದ್ದ ಮಕ್ಕಳು ಎದ್ದು ಕೂತದ್ದನ್ನು ಕಣ್ಣಾರೆ ನೋಡಿದ್ದೇನೆ.

ಆದರೆ ಆ ಹುಡುಗಿ ಮೂರು ಸಲ ಬಂದಳು. ಅವಳೊಬ್ಬಳೇ ಅಲ್ಲ. ರಿಜಿಸ್ಟರ್ ತಿರುಗಿಸಿದರೆ ಒಮ್ಮೆ ಗುಣವಾಗಿ ಹೋದ ಹೆಸರುಗಳು ಮತ್ತೆ ಮತ್ತೆ ಸಿಗುತ್ತಿದ್ದವು.

ಮೊದಮೊದಲು ನಾನು ಮಾಡಿದ್ದು ಪಾಠ ಹೇಳುವ ಕೆಲಸ. ಚಾರ್ಟ್ ತೂಗುಹಾಕಿ, ಮೂರು ಬಗೆಯ ಆಹಾರ, ಕೈ ತೊಳೆಯುವುದು, ಎದೆಹಾಲು ಅಂತ ತಾಯಂದಿರಿಗೆ ಹೇಳುತ್ತಿದ್ದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡು ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ತಾಯಂದಿರಿಗೆ ಗೊತ್ತಿಲ್ಲ, ಅದಕ್ಕೇ ಹೀಗೆ ಅಂತ ನಾನು ನಂಬಿದ್ದೆ. ಅದು ನನ್ನ ದೊಡ್ಡ ತಪ್ಪು. ಅದನ್ನು ತಿದ್ದಿದ್ದು ಆ ಹುಡುಗಿಯ ಅಜ್ಜಿ.

ಮಗು ಆಸ್ಪತ್ರೆಯಲ್ಲಿ ಊತ ಇಳಿಸಿಕೊಂಡು ಮನೆಗೆ ಬಂದ ಮೇಲೆ, ಹಳ್ಳಿ ಆರೋಗ್ಯ ತಂಡದ ಹೆಣ್ಣುಮಗಳೊಬ್ಬರ ಜೊತೆ ನಾನು ಅವರ ಮನೆಗೆ ಹೋದೆ. ಅವರು ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಊರಿನವರೇ. ನನ್ನ ಮಾತನ್ನು ಅಚೋಲಿಗೆ ತಿರುಗಿಸುತ್ತಿದ್ದವರೂ ಅವರೇ. ಬೆಳಗ್ಗೆ ಆರಕ್ಕೆ ಹೋಗಿ ಕತ್ತಲಾಗುವವರೆಗೆ ಅಲ್ಲೇ ಇದ್ದೆವು. ಪಾಠ ಇಲ್ಲ, ಚಾರ್ಟ್ ಇಲ್ಲ. ಸುಮ್ನೆ ನೋಡಿದ್ದು.

ತಾಯಿ ಬೆಳಕು ಹರಿಯುವ ಮೊದಲೇ ನೀರಿಗೆ ಹೋದರು. ಹತ್ತಿರದ ಕೈಪಂಪು ಕೆಟ್ಟಿತ್ತು, ಇನ್ನೊಂದಕ್ಕೆ ಹೋಗಿಬರಲು ಒಂದೂವರೆ ತಾಸು. ಬಂದವರೇ ಗುದ್ದಲಿ ಹಿಡಿದು ಹೊಲಕ್ಕೆ. ಎತ್ತು ಇಲ್ಲ, ಎಲ್ಲ ಕೈಯಲ್ಲೇ ಅಗೆಯಬೇಕು. ಅವರು ಆರು ತಿಂಗಳ ಬಸುರಿ. ಬಸುರಾದ ಕೂಡಲೇ ಹಾಲು ಕೆಡುತ್ತದೆ ಅಂತ ಈ ಮಗುವಿಗೆ ಎದೆಹಾಲು ಬಿಡಿಸಿದ್ದರು. ಮಗು ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಹತ್ತು ಗಂಟೆಗೆ ಅಕ್ಕ ಒಂದು ಬಟ್ಟಲು ಗಂಜಿ ಕುಡಿಸಿದಳು. ನೀರಿನ ಹಾಗೆ ತೆಳ್ಳಗಿತ್ತು. ಆಮೇಲೆ ಮಗು ಸಂಜೆ ಐದರವರೆಗೆ ಒಂದು ಮಾವಿನಕಾಯಿ ಚೀಪಿಕೊಂಡು ಇತ್ತು. ಸಂಜೆ ತಾಯಿ ಬಂದು ಮುದ್ದೆ ಮಾಡುವಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ಪೊಟ್ಟಣ ಬರುತ್ತಿದ್ದಾಗ ಮನೆಯ ನಾಲ್ಕೂ ಮಕ್ಕಳು ಹಂಚಿಕೊಂಡಿದ್ದರು. ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಉಳಿದ ಮೂರೂ ಹಸಿದ ಮಕ್ಕಳೇ ಅಲ್ವಾ?

ಅವತ್ತು ಜೂನ್ ತಿಂಗಳು. ರಾಗಿ ಇನ್ನೂ ಹೊಲದಲ್ಲಿ ಹಸಿರು, ಹಳೇ ಕಾಳು ಮುಗಿದಿದೆ. ಹೊಟ್ಟೆಗೆ ಅತಿ ಕಡಿಮೆ ಸಿಗುವ ತಿಂಗಳೇ ದುಡಿಮೆ ಅತಿ ಜಾಸ್ತಿ ಇರುವ ತಿಂಗಳು. ಮಲೇರಿಯಾ ಜೋರಾಗುವುದೂ ಆಗಲೇ.

ನಾನು ಅಜ್ಜಿಗೆ ಮಗುವಿನ ಊಟದ ಬಗ್ಗೆ ಏನೋ ಹೇಳಲು ಹೊರಟೆ. ಅವರು ನನ್ನ ಕೈ ಹಿಡಿದು ಕೂರಿಸಿದರು. "ಮಗಳೇ, ನಿನಗೆ ಎಷ್ಟು ಮಕ್ಕಳು?" ಅಂದರು. "ಒಬ್ಬಳು, ಅಜ್ಜಿ" ಅಂದೆ. "ನಾನು ಏಳು ಜನರನ್ನು ಸಾಕಿದವಳು. ಒಬ್ಬರಿಗೂ ಕಾಲು ಊದಲಿಲ್ಲ. ಆಗ ನನ್ನ ಬಳಿ ಹಸು ಇತ್ತು, ಕಣಜ ಇತ್ತು, ಒಡಿ (ಎಳ್ಳು ಶೇಂಗಾ ಪೇಸ್ಟ್) ಇತ್ತು. ಸಂಜೆ ಬೆಂಕಿಯ ಮುಂದೆ ಅತ್ತೆ ಕೂತು ಎಲ್ಲ ಹೇಳಿಕೊಡುತ್ತಿದ್ದಳು. ಈ ಸೊಸೆ ಕ್ಯಾಂಪಿನಲ್ಲಿ ದೊಡ್ಡವಳಾದಳು. ಅಲ್ಲಿ ಕತ್ತಲಾದರೆ ಬೆಂಕಿ ಹಚ್ಚುವ ಹಾಗಿರಲಿಲ್ಲ. ನಾನು ಅವಳಿಗೆ ಎಲ್ಲಿ ಕೂತು ಹೇಳಿಕೊಡಲಿ?"

ಸಂಜೆ ಮನೆಯ ಮುಂದೆ ಬೆಂಕಿ ಹಾಕಿ ಹಿರಿಯರು ಕಿರಿಯರು ಕೂರುವುದಕ್ಕೆ ಅಚೋಲಿಯಲ್ಲಿ 'ವಾಂಗ್ ಓ' ಅನ್ನುತ್ತಾರೆ. ಕಥೆ, ಗಾದೆ, ಬೇಸಾಯ, ಬಾಣಂತನ ಎಲ್ಲ ಅಲ್ಲೇ ಕಲಿಯುವುದು. ಯುದ್ಧ ಅದನ್ನು ಆರಿಸಿಬಿಟ್ಟಿತ್ತು. ಹಸುವಿನ ಹಾಲು ಹೋದದ್ದು, ಕಣಜ ಸುಟ್ಟದ್ದು ವರದಿಗಳಲ್ಲಿ ಬರುತ್ತದೆ. ಅಜ್ಜಿಯ ಕೈಯಿಂದ ಸೊಸೆಯ ಕೈಗೆ ಬರಬೇಕಿದ್ದದ್ದು ನಡುವೆ ಕಡಿದುಹೋದದ್ದನ್ನು ನಾನು ಯಾವ ವರದಿಯಲ್ಲೂ ಓದಿರಲಿಲ್ಲ.

ಅಲ್ಲಿಂದ ನಾವು ಕೆಲಸದ ದಾರಿ ಬದಲಿಸಿದೆವು. ಸೊರಗಿದ ಮಕ್ಕಳ ಮನೆ ಬಿಟ್ಟು, ಅಷ್ಟೇ ಬಡತನದಲ್ಲೂ ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳ ಮನೆ ಹುಡುಕಿದೆವು. 1990ರ ದಶಕದಲ್ಲಿ ವಿಯೆಟ್ನಾಂನಲ್ಲಿ ಜೆರಿ ಸ್ಟರ್ನಿನ್ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಹೀಗೇ ಮಾಡಿದ್ದರು. ಆ ಮನೆಗಳಲ್ಲಿ ಮೂರು ನಾಲ್ಕು ಸಂಗತಿ ಮತ್ತೆ ಮತ್ತೆ ಕಂಡವು. ಬಹಳ ಕಡೆ ಅಜ್ಜಿ ಮನೆಯಲ್ಲೇ ಇರುತ್ತಿದ್ದರು. ಮಗುವಿಗೆ ಬೇರೆ ಬಟ್ಟಲು ಇತ್ತು, ದೊಡ್ಡವರ ತಟ್ಟೆಗೆ ಕೈ ಹಾಕಿ ಪೈಪೋಟಿ ಮಾಡಬೇಕಿರಲಿಲ್ಲ. ಗಂಜಿಗೆ ಒಂದು ಚಮಚ ಒಡಿ, ಅಂದರೆ ಹುರಿದ ಎಳ್ಳು ಮತ್ತು ಶೇಂಗಾವನ್ನು ಕಲ್ಲಿನ ಮೇಲೆ ಅರೆದ ಪೇಸ್ಟ್, ಬೀಳುತ್ತಿತ್ತು. ಕೆಲವರು ಮುಕೆನೆ ಎಂಬ ಸಣ್ಣ ಒಣಮೀನನ್ನು ಪುಡಿ ಮಾಡಿ ಹಾಕುತ್ತಿದ್ದರು. ಶಿಯಾ ಮರದ ಕಾಯಿಯ ಎಣ್ಣೆ ಬಳಸುವವರೂ ಇದ್ದರು. (ಆ ಮರಗಳನ್ನು ಇದ್ದಿಲಿಗಾಗಿ ಕಡಿಯುವುದು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಹೊಸ ಮರ ಕಾಯಿ ಬಿಡಲು ಹತ್ತಾರು ವರ್ಷ ಬೇಕು.)

ಒಂದು ಅಡುಗೆ ದಿನ ನಾನು ಪೊಟ್ಟಣವೊಂದನ್ನು ಬಿಡಿಸಿ ಅದೇ ಅಜ್ಜಿಗೆ ರುಚಿ ನೋಡಲು ಕೊಟ್ಟೆ. ಬಾಯಿ ಚಪ್ಪರಿಸಿ ನೋಡಿ, "ಇದು ಒಡಿ. ಸಕ್ಕರೆ ಹಾಕಿದ್ದಾರೆ" ಅಂದರು. ಕೂತಿದ್ದ ಹೆಂಗಸರೆಲ್ಲ ನಕ್ಕರು. ಅವರ ಮಾತು ಪೂರ್ತಿ ಸರಿಯಲ್ಲ. ಪೊಟ್ಟಣದಲ್ಲಿರುವ ಹಾಲು, ಅದಕ್ಕೆ ಬೇರೆಯಾಗಿ ಬೆರೆಸಿದ ಸತು, ವಿಟಮಿನ್ನುಗಳು ಒಡಿಯಲ್ಲಿ ಇಲ್ಲ, ಕೆಂಪು ಪಟ್ಟಿಯ ಮಗುವಿಗೆ ಒಡಿ ಸಾಲುವುದಿಲ್ಲ. ಇದನ್ನು ನಾನು ಅಲ್ಲೇ ಬಿಡಿಸಿ ಹೇಳಿದೆ. ಆದರೆ ಹಸಿರಿಗೆ ಬಂದ ಮಗು ಹಸಿರಲ್ಲೇ ಉಳಿಯಬೇಕಾದರೆ ಒಡಿಯಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ.

ಈಗ ಗಂಜಿಯ ವಿಷಯಕ್ಕೆ ಬರುತ್ತೇನೆ, ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಮಗುವಿನ ಹೊಟ್ಟೆ ಚಿಕ್ಕದು. ಒಂದು ಕೆಜಿ ತೂಕಕ್ಕೆ ಸುಮಾರು 30 ಗ್ರಾಂ ಹಿಡಿಯುತ್ತದೆ. ಏಳು ಕೆಜಿ ಮಗು ಒಮ್ಮೆಗೆ 200 ಮಿಲೀ ಕುಡಿದರೆ ಹೆಚ್ಚು. ಅಕ್ಕ ಕುಡಿಸಿದ ಆ ತೆಳ್ಳನೆ ಗಂಜಿಯಲ್ಲಿ 100 ಮಿಲೀಗೆ ಆರು ಗ್ರಾಂ ಹಿಟ್ಟು ಇರಬಹುದು, ಅಂದರೆ 20 ಕ್ಯಾಲರಿ. ಬಟ್ಟಲು ತುಂಬ ಕುಡಿದರೂ 40. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಸುಮಾರು 900 ಕ್ಯಾಲರಿ ಬೇಕು. ಎದೆಹಾಲು ಕುಡಿಯುವ ಮಗುವಿಗೆ ಅದರಲ್ಲಿ 350ರಷ್ಟು ಹಾಲಿನಿಂದಲೇ ಬರುತ್ತದೆ. ಈ ಮಗುವಿಗೆ ಅದೂ ಇಲ್ಲ. ಹೊಟ್ಟೆ ತುಂಬಿದೆ, ಮಗು ಮಲಗಿದೆ, ಆದರೂ ಉಪವಾಸ.

ಹಾಗಾದರೆ ಗಟ್ಟಿ ಮಾಡಿ ಅಂದರೆ? ಹಿಟ್ಟು ಮೂರು ಪಟ್ಟು ಹಾಕಿದರೆ ಅದು ಗಂಜಿಯಾಗಿ ಉಳಿಯುವುದಿಲ್ಲ, ಅಂಟುತ್ತದೆ. ಜ್ವರದ ಬಾಯಿಯ ಮಗು ನುಂಗುವುದಿಲ್ಲ. ತಾಯಿ ನೀರು ಸುರಿಯುತ್ತಾಳೆ. ಅಲ್ಲಿಗೆ ಮತ್ತೆ 40 ಕ್ಯಾಲರಿ.

ನಮ್ಮ ಕಡೆ ಇದಕ್ಕೆ ಉತ್ತರ ಹಳೇ ಕಾಲದಿಂದ ಇದೆ: ರಾಗಿ ಸರಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟು. ಮೊಳಕೆಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡು ಮಾಡುತ್ತದೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1980ರ ದಶಕದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಇದರ ಮೇಲೆ ಒಳ್ಳೆಯ ಕೆಲಸ ಮಾಡಿದ್ದಾರೆ. ನಾನು ಅದನ್ನು ಕಾಲೇಜಿನಲ್ಲಿ ಓದಿದ್ದೆ, ಬಾಲ್ಯದಲ್ಲಿ ಉಂಡಿದ್ದೆ. ಕಿಟ್ಗುಮ್‌ನಲ್ಲಿ ಮಾಡಿ ತೋರಿಸುತ್ತೇನೆ ಅಂತ ಎರಡು ಸೇರು ರಾಗಿ ಕೊಂಡು ತಂದೆ.

ಮೊದಲ ಸಲ ಆಗಲಿಲ್ಲ. ಇಪ್ಪತ್ತು ಹೆಂಗಸರು ಸುತ್ತ ಕೂತಿದ್ದಾರೆ, ನಾನು ಗಟ್ಟಿ ಗಂಜಿಗೆ ಮೊಳಕೆ ಹಿಟ್ಟು ಹಾಕಿ ಕಲಸುತ್ತಿದ್ದೇನೆ, ಗಂಜಿ ಅಲ್ಲಾಡುತ್ತಿಲ್ಲ. ಆಮೇಲೆ ಗೊತ್ತಾಯಿತು. ಅಮ್ಮ ಮಾಡುತ್ತಿದ್ದ ಹಾಗೆ ಘಮ ಬರಲಿ ಅಂತ ಮೊಳಕೆ ಕಾಳನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದಿದ್ದೆ. ಕಾವು ಹೆಚ್ಚಾಗಿ ಕಿಣ್ವ ಸತ್ತಿತ್ತು. ಕುದಿಯುತ್ತಿರುವ ಗಂಜಿಗೇ ಹಾಕಿದ್ದು ಇನ್ನೊಂದು ತಪ್ಪು. ಹೀಗಾಗುವುದು ಬೇಡ ಅಂತ ಇಷ್ಟು ವಿವರ ಬರೆಯುತ್ತಿದ್ದೇನೆ. ಮೊಳಕೆಯನ್ನು ಬಿಸಿಲಲ್ಲಿ ಒಣಗಿಸಿ ಸಾಕು. ಹುರಿಯಲೇಬೇಕು ಅಂದರೆ ಬೆಚ್ಚಗಾಗುವಷ್ಟು ಮಾತ್ರ.

ಆಗ ಹಿಂದೆ ಕೂತಿದ್ದ ಒಬ್ಬ ಹೆಂಗಸು ಎದ್ದು ಮನೆಗೆ ಹೋದರು. ಒಂದು ಸೋರೆಬುರುಡೆಯಲ್ಲಿ ಹಿಟ್ಟು ತಂದರು. ಅವರು ಕ್ವೆಟೆ ಮಾಡಿ ಮಾರುವವರು. ಕ್ವೆಟೆ ಅಂದರೆ ಮೆಕ್ಕೆಜೋಳ ಮತ್ತು ಮೊಳಕೆ ರಾಗಿಯ ನಾಡಹೆಂಡ. "ಸಿಸ್ಟರ್, ನೀವು ಹುಡುಕುತ್ತಿರುವುದು ಇದೇ ತಾನೆ? ಹೆಂಡದ ಹಿಟ್ಟು ತೆಳ್ಳಗಾಗುವುದು ಇದರಿಂದಲೇ" ಅಂದರು. ಇನ್ನೊಂದು ಪಾತ್ರೆಯಲ್ಲಿ ಗಟ್ಟಿ ಗಂಜಿ ಮಾಡಿ, ಒಲೆಯಿಂದ ಇಳಿಸಿ, ಕುದಿ ಅಡಗುವವರೆಗೆ ಕಾದು, ಒಂದು ಚಿಕ್ಕ ಚಮಚ ಹಾಕಿ ತಿರುವಿದೆವು. ಕೆಲವೇ ನಿಮಿಷಗಳಲ್ಲಿ ಮುದ್ದೆಯಂತಿದ್ದದ್ದು ಸುರಿಯುವ ಹಾಗಾಯಿತು. ಹೆಂಗಸರು ಒಟ್ಟಿಗೇ ಉಲುಲು ಅಂತ ಖುಷಿಯ ಕೂಗು ಹಾಕಿದರು. ನನಗೂ ಸಂತೋಷಕ್ಕೆ ಮಾತು ಬರಲಿಲ್ಲ.

ಊರಿನವರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ ಅದು. ಹೆಂಡದ ಗಡಿಗೆಗೆ ಹೋಗುತ್ತಿದ್ದದ್ದರಲ್ಲಿ ಒಂದು ಚಮಚ ಮಗುವಿನ ಬಟ್ಟಲಿಗೆ ತಿರುಗಬೇಕಿತ್ತು, ಅಷ್ಟೇ. ಹೆಂಡ ಮಾಡುವ ಹೆಂಗಸರನ್ನು ಬೈಯುವುದು ಸುಲಭ. ಆದರೆ ಶಾಲೆಯ ಫೀಸು ಬರುವುದು ಅದರಿಂದಲೇ. ನಾನು ಅವರನ್ನೇ ಗುರುಗಳನ್ನಾಗಿ ಮಾಡಿಕೊಂಡೆ. ಊರೂರಿಗೆ ಕರೆದುಕೊಂಡು ಹೋಗಿ ಅವರಿಂದಲೇ ಹೇಳಿಸಿದೆ.

ನಾವು ಪಾಲಿಸಿದ ಎಚ್ಚರಿಕೆಗಳನ್ನೂ ಹೇಳುತ್ತೇನೆ. ಮೊಳಕೆಗೆ ಕಪ್ಪು ಬೂಷ್ಟು ಅಥವಾ ಕಮಟು ವಾಸನೆ ಬಂದರೆ ಪೂರ್ತಿ ಎಸೆಯಬೇಕು. ಹಿಟ್ಟು ಹಾಕಿ ತೆಳ್ಳಗಾದ ಮೇಲೆ ಗಂಜಿಯನ್ನು ಇನ್ನೊಮ್ಮೆ ಕುದಿಸಬೇಕು, ಯಾಕೆಂದರೆ ಮೊಳಕೆ ಹಿಟ್ಟಿನಲ್ಲಿ ಕ್ರಿಮಿ ಇರಬಹುದು. ಒಡಿಗೆ ಬೂಷ್ಟು ಹಿಡಿದ ಶೇಂಗಾ ಬೇಡವೇ ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ನೆಲದ ಮೇಲೆ ಒಣಗಿಸುವ ಬದಲು ಟಾರ್ಪಾಲಿನ ಮೇಲೆ ಒಣಗಿಸಿದರೆ ಬೂಷ್ಟು ಕಡಿಮೆ. ಕ್ಯಾಂಪಿನಲ್ಲಿ ಸೂರಿಗೆ ಹೊದಿಸಿದ್ದ ಹಳೇ ಟಾರ್ಪಾಲುಗಳೇ ಈ ಕೆಲಸಕ್ಕೆ ಬಂದವು.

ಲೆಕ್ಕ ಈಗ ಹೀಗಾಯಿತು. ಗಟ್ಟಿ ಹಿಟ್ಟಿನ ಗಂಜಿ 200 ಮಿಲೀಗೆ 140 ಕ್ಯಾಲರಿ. ಒಂದು ದೊಡ್ಡ ಚಮಚ ಒಡಿಯಿಂದ 90. ಬಟ್ಟಲಿಗೆ 230. ದಿನಕ್ಕೆ ನಾಲ್ಕು ಬಟ್ಟಲು ಸಿಕ್ಕರೆ 900 ದಾಟುತ್ತದೆ. ಜೊತೆಗೆ ರಾಗಿಯ ಸುಣ್ಣದಂಶ.

ಆದರೆ ನಾಲ್ಕು ಸಲ ತಿನ್ನಿಸುವವರು ಯಾರು? ತಾಯಿ ಹೊಲದಲ್ಲಿದ್ದಾಳೆ, ಎಂಟು ವರ್ಷದ ಅಕ್ಕನಿಂದ ಒಲೆ ಹಚ್ಚಿಸುವುದು ತಪ್ಪು. ಇಲ್ಲಿ ಅಜ್ಜಿಯರು ಕೈ ಹಿಡಿದರು. ಹತ್ತಿರದ ನಾಲ್ಕೈದು ಮನೆಯ ಚಿಕ್ಕ ಮಕ್ಕಳು ಬಿತ್ತನೆಯ ದಿನಗಳಲ್ಲಿ ಒಬ್ಬ ಅಜ್ಜಿಯ ಅಂಗಳಕ್ಕೆ. ಪ್ರತಿ ಮನೆಯಿಂದ ಒಂದು ಹಿಡಿ ರಾಗಿ, ಅರ್ಧ ಹಿಡಿ ಎಳ್ಳು. ಅಜ್ಜಿಯ ಹೊಲಕ್ಕೆ ಆ ತಾಯಂದಿರು ಸರದಿಯಲ್ಲಿ ಒಂದು ದಿನ ದುಡಿಯುತ್ತಾರೆ. ಈ ಏರ್ಪಾಡು ನಾನು ಯೋಚಿಸಿದ್ದಲ್ಲ, ಹೆಂಗಸರೇ ಕೂತು ತೀರ್ಮಾನಿಸಿದ್ದು. ಎಲ್ಲ ಕಡೆ ನಡೆಯಲಿಲ್ಲ. ಹೊಲದ ಗಡಿ ಜಗಳ ಇದ್ದ ಮನೆಗಳ ನಡುವೆ ಮಗುವನ್ನು ಬಿಡುವ ಮಾತೇ ಇರಲಿಲ್ಲ. ಹತ್ತು ಹನ್ನೆರಡು ವರ್ಷ ಪಾಳು ಬಿದ್ದ ನೆಲದ ಎಲ್ಲೆ ಹೇಳುವವರು ಸತ್ತುಹೋಗಿದ್ದರು, ಜಗಳ ಬೇಕಾದಷ್ಟಿತ್ತು.

ಒಂದು ಗುಂಪಿನ ತಾಯಂದಿರಿಗೆ ಮಾತ್ರ ನನ್ನ ಯಾವ ಉಪಾಯವೂ ಸಾಕಾಗಲಿಲ್ಲ. ಚಿಕ್ಕ ಹುಡುಗಿಯರಾಗಿದ್ದಾಗ ಬಂಡುಕೋರರು ಹೊತ್ತೊಯ್ದು, ಕಾಡಿನಲ್ಲೇ ಮಕ್ಕಳಾಗಿ, ಹೇಗೋ ತಪ್ಪಿಸಿಕೊಂಡು ಬಂದವರು. ಅಚೋಲಿಗಳಲ್ಲಿ ನೆಲ ತಂದೆಯ ಕುಲದಿಂದ ಬರುತ್ತದೆ. ಈ ಮಕ್ಕಳಿಗೆ ತಂದೆಯ ಕುಲ ಇಲ್ಲ, ಹಾಗಾಗಿ ನೆಲವೂ ಇಲ್ಲ. ಅಣ್ಣತಮ್ಮಂದಿರ ಮನೆಯ ಮೂಲೆಯಲ್ಲಿ ಇರುತ್ತಿದ್ದರು, ಊಟಕ್ಕೆ ಕೊನೆಯ ಸಾಲಿನಲ್ಲಿ. ಅವರಲ್ಲೊಬ್ಬಳು ಒಮ್ಮೆ ನನಗೆ, "ಸಿಸ್ಟರ್, ನನಗೆ ಗಂಜಿ ಮಾಡಲು ಬರುತ್ತೆ. ರಾಗಿ ಎಲ್ಲಿ ಬೆಳೆಯಲಿ ಹೇಳಿ" ಅಂದಳು. ಊರಿನ ಹಿರಿಯರ ಬಳಿ ಹೋಗಿ ಕೂತು ಬೇಡಿಕೊಂಡೆವು. ಒಂದೆರಡು ಊರಿನಲ್ಲಿ ಬಳಸಲು ತುಂಡು ನೆಲ ಕೊಟ್ಟರು. ಹೆಚ್ಚಿನ ಕಡೆ ಕೊಡಲಿಲ್ಲ. ಅವಳ ಮಗ ಆ ವರ್ಷದ ಮಲೇರಿಯಾದಲ್ಲಿ ಹೋದ. ತೋಳಿನ ಅಳತೆ ಹಳದಿಯಲ್ಲಿತ್ತು. ಸೊರಗಿದ ಮೈಗೆ ಜ್ವರ ತಡೆಯುವ ಶಕ್ತಿ ಇರುವುದಿಲ್ಲ, ಪಟ್ಟಿ ಹಳದಿ ತೋರಿಸಿದರೂ ಅಷ್ಟೇ. ಆ ಮಗುವಿನ ಮುಖ ನನಗೆ ಮರೆಯುವುದಿಲ್ಲ.

ಎತ್ತರದ ಬಗ್ಗೆಯೂ ಹೇಳಬೇಕು. ತೂಕ ಮರಳಿ ಬರುತ್ತದೆ, ತೋಳು ತುಂಬಿಕೊಳ್ಳುತ್ತದೆ. ಎತ್ತರ ಹಾಗಲ್ಲ. ಹೊಟ್ಟೆಯಲ್ಲಿದ್ದಾಗಿಂದ ಎರಡು ವರ್ಷ ತುಂಬುವವರೆಗೆ ಕಳೆದುಕೊಂಡದ್ದನ್ನು ಆಮೇಲೆ ಪಡೆಯುವುದು ಬಹಳ ಕಷ್ಟ. 2011ರ ಸಮೀಕ್ಷೆಯಲ್ಲಿ ಉಗಾಂಡದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 33 ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ನಮ್ಮ ಪಟ್ಟಿ ಈ ಮಕ್ಕಳಲ್ಲಿ ಹೆಚ್ಚಿನವರನ್ನು ಹಿಡಿಯುವುದಿಲ್ಲ, ಅವರು ಹಸಿರಿನಲ್ಲೇ ಇರುತ್ತಾರೆ. ಅದಕ್ಕೇ ನಾವು ಬಸುರಿಯರ ಊಟಕ್ಕೂ ಅದೇ ಒಡಿ, ಅದೇ ಮೀನಿನ ಪುಡಿ ಸೇರಿಸಿದೆವು. ಆ ಕೆಟ್ಟ ಕೈಪಂಪು ಸರಿ ಮಾಡಿಸಲು ಏಳು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದೆವು. ಅದು ಸರಿಯಾದ ಮೇಲೆ ಆ ಊರಿನ ತಾಯಂದಿರಿಗೆ ದಿನಕ್ಕೆ ಒಂದು ತಾಸಿಗೂ ಜಾಸ್ತಿ ಉಳಿಯಿತು. ನನ್ನ ಚಾರ್ಟುಗಳಿಗಿಂತ ಆ ಒಂದು ತಾಸು ಮಕ್ಕಳಿಗೆ ಹೆಚ್ಚು ಉಣಿಸಿತು.

ಎಳ್ಳು ಕೊಯ್ಲು ಡಿಸೆಂಬರಿನಲ್ಲಿ. ಪಟ್ಟಣದಿಂದ ವ್ಯಾಪಾರಿಗಳ ಲಾರಿ ಬರುತ್ತದೆ, ಕೈಗೆ ನಗದು. ಮನೆಗೆ ಒಂದು ಹಿಡಿಯೂ ಉಳಿಯದಂತೆ ಮಾರಿಬಿಡುತ್ತಿದ್ದರು. ಜೂನಿನಲ್ಲಿ ಒಡಿ ಇಲ್ಲದಿರುವುದಕ್ಕೆ ಕಾರಣ ಡಿಸೆಂಬರಿನಲ್ಲೇ ಇತ್ತು. ಇದನ್ನು ಗಂಡಸರ ಜೊತೆ ಕೂತು ಮಾತಾಡಬೇಕಾಯಿತು. ಅದುವರೆಗೆ ನಮ್ಮ ಸಭೆಗಳಿಗೆ ನಾವು ಗಂಡಸರನ್ನು ಕರೆದೇ ಇರಲಿಲ್ಲ. ಕರೆದ ಮೇಲೆ ಬಂದರು, ಕೇಳಿದರು. ಒಬ್ಬರು, "ಇದನ್ನು ಮೊದಲೇ ನಮಗೆ ಯಾಕೆ ಹೇಳಲಿಲ್ಲ?" ಅಂತ ಕೇಳಿದರು. ಅವರು ಕೇಳಿದ್ದು ಸರಿ.

2010ರ ಡಿಸೆಂಬರಿನಲ್ಲಿ ನಾನು ಆ ಹುಡುಗಿಯ ಮನೆಗೆ ಕೊನೆಯ ಸಲ ಹೋದೆ. ಹೊಸ ಕಣಜ ಎದ್ದಿತ್ತು, 'ಡೆರೊ' ಅನ್ನುತ್ತಾರೆ. ಹೆಣೆದ ಬುಟ್ಟಿಗೆ ಮಣ್ಣು ಮೆತ್ತಿ, ಕಂಬಗಳ ಮೇಲೆ ನಿಲ್ಲಿಸಿ, ಮೇಲೆ ಹುಲ್ಲಿನ ಟೋಪಿ. ಅಜ್ಜಿ ನನ್ನನ್ನು ಏಣಿ ಹತ್ತಿಸಿ ಒಳಗೆ ತೋರಿಸಿದರು. ರಾಗಿಯ ತೆನೆ ಮೇಲೆ ಒಂದು ಸೋರೆಬುರುಡೆ, ಬಾಯಿಗೆ ಸಗಣಿ ಮೆತ್ತಿ ಮುಚ್ಚಿತ್ತು. ಅದರಲ್ಲಿ ಎಳ್ಳು. ಜೂನಿನವರೆಗೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ ಅಂದರು.

ಹುಡುಗಿ ಅಂಗಳದಲ್ಲಿ ತಮ್ಮನನ್ನು ಕೂರಿಸಿಕೊಂಡಿದ್ದಳು. ಅಳೆದೆ. 14.1. ತಮ್ಮನದು 13. ವಯಸ್ಸಿಗೆ ಅವಳು ಗಿಡ್ಡವೇ ಇದ್ದಳು. ನನ್ನ ಕುತ್ತಿಗೆಯಲ್ಲಿದ್ದ ಪಟ್ಟಿಯನ್ನು ಅಜ್ಜಿ ಕೇಳಿದರು. ಆಗ ಅದನ್ನು ಮನೆಯವರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ತಾಯಂದಿರೇ ಸರಿಯಾಗಿ ಅಳೆಯಬಲ್ಲರು ಅಂತ ಕೆಲವು ವರ್ಷಗಳ ನಂತರ ನೈಜರ್ ದೇಶದಲ್ಲಿ ಮಾಡಿ ತೋರಿಸಿದರು. ನಾನು ಪಟ್ಟಿಯನ್ನು ಬಿಚ್ಚಿ ಕೊಟ್ಟೆ. ಅವರು ಅದನ್ನು ಮೊದಲು ಮೊಮ್ಮಗಳ ತೋಳಿಗೆ ಸುತ್ತಿದರು, ಆಮೇಲೆ ಮೊಮ್ಮಗನಿಗೆ. ಆಮೇಲೆ ಪಕ್ಕದ ಮನೆಯ ಮಗುವನ್ನು ಕೂಗಿ ಕರೆದರು.